ಎಡಗಣ್ಣು ಕೆಳಗಿದ್ದ ಗೊಂಬೆ

ಹೊಸ ಪ್ಲಾಸ್ಟಿಕ್ ಬಕೆಟ್ಟಿಗೆ ಮೊದಲ ಸಲ ಬಿಸಿನೀರು ಬಿಟ್ಟಾಗ ಒಂದು ವಾಸನೆ ಏಳುತ್ತದೆ. ಮೊನ್ನೆ ಸಿಂಗಸಂದ್ರದ ನಮ್ಮ ಫ್ಲ್ಯಾಟಿನ ಬಚ್ಚಲಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತುಬಿಟ್ಟೆ. ಅದು ನಮ್ಮವ್ವನ ಕೈಯ ವಾಸನೆ. ಅವಳು ಪೀಣ್ಯದ ಒಂದು ಶೆಡ್ಡಿನಲ್ಲಿ ಗೊಂಬೆಗಳಿಗೆ ಕಣ್ಣು ಕೂರಿಸುತ್ತಿದ್ದಳು. ಗೊಂಬೆಯ ತಲೆಯನ್ನು ಬಿಸಿನೀರಿನಲ್ಲಿ ಅದ್ದಿ, ಅದು ಮೆತ್ತಗಾದೊಡನೆ ಕಣ್ಣನ್ನು ಗುಳಿಯೊಳಗೆ ಒತ್ತಬೇಕು. ತಡವಾದರೆ ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ, ಅವಸರ ಮಾಡಿದರೆ ಬೆರಳು ಸುಡುತ್ತದೆ. ಕಣ್ಣು ಕೂತ ಮೇಲೆ ಅವ್ವ ಕಿರುಬೆರಳಿನ ಉಗುರಿನಿಂದ ರೆಪ್ಪೆಯ ತುದಿಯನ್ನು ಮೇಲಕ್ಕೆ ಚಿಮ್ಮಿಸುತ್ತಿದ್ದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಜಡೆ ಹಾಕಿದ ಮೇಲೆ ನನ್ನ ಹುಬ್ಬಿನ ತುದಿಯನ್ನೂ ಹಾಗೆಯೇ ತೀಡಿ ಶಾಲೆಗೆ ಕಳಿಸುತ್ತಿದ್ದಳು.

ನಾವಿದ್ದದ್ದು ಮಾಕಳಿಯ ಆರು ಬಾಗಿಲುಗಳ ವಠಾರದಲ್ಲಿ. ಮೇಲೆ ಶೀಟು, ನಡುವೆ ಎಲ್ಲರಿಗೂ ಸೇರಿ ಒಂದೇ ನಲ್ಲಿ. ಹಾವೇರಿ ಕಡೆಯಿಂದ ಬಂದ ಅವ್ವನಿಗೆ ಈ ಊರು ಹಿಡಿಸಿದ್ದು ಪಕ್ಕದ ಮನೆಯ ಸರೋಜಕ್ಕನಿಂದ. ಅವ್ವನನ್ನು ಕೆಲಸಕ್ಕೆ ಸೇರಿಸಿದವಳೂ, ಬೊಬ್ಬೆಯೆದ್ದ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿದವಳೂ ಅವಳೇ. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಒಬ್ಬಳು ಜೋಳದ ರೊಟ್ಟಿಯ ಕಡೆಯವಳು, ಇನ್ನೊಬ್ಬಳು ರಾಗಿ ಮುದ್ದೆಯ ಕಡೆಯವಳು. ಅಡುಗೆಯ ವಿಷಯಕ್ಕೆ ದಿನವೂ ಒಂದಿಷ್ಟು ಜಗಳ ಆಗಲೇಬೇಕಿತ್ತು.

ಬರುಬರುತ್ತಾ ಸರೋಜಕ್ಕನ ದೃಷ್ಟಿ ಮಂದವಾಯಿತು. ಅವಳು ಕೂರಿಸಿದ ಎಡಗಣ್ಣು ಒಂದೆಳೆ ಕೆಳಗಿರತೊಡಗಿತು. ಎದುರಿಗೆ ಕೂರುತ್ತಿದ್ದ ಅವ್ವ ಅಂಥ ತಲೆಗಳನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ಮತ್ತೆ ಬಿಸಿನೀರಿಗೆ ಅದ್ದಿ, ಸರಿಮಾಡಿ ಮುಂದಕ್ಕೆ ತಳ್ಳುತ್ತಿದ್ದಳು. ತಿಂಗಳುಗಟ್ಟಲೆ ಇದು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ನನಗೆ ಅಮ್ಮ ಆಯಿತು, ಮೈತುಂಬಾ ಗುಳ್ಳೆ. ಅವ್ವ ಒಂದು ವಾರ ರಜೆ ಹಾಕಿದಳು. ವಾಪಸ್ ಹೋಗುವಷ್ಟರಲ್ಲಿ ಸೊಟ್ಟಗಣ್ಣಿನ ಗೊಂಬೆಗಳೆಲ್ಲ ರಿಜೆಕ್ಟ್ ಬುಟ್ಟಿ ಸೇರಿದ್ದವು, ಸರೋಜಕ್ಕನ ಸ್ಟೂಲು ಖಾಲಿಯಾಗಿತ್ತು. ಮುಂದಿನ ತಿಂಗಳು ಅವಳು ವಠಾರದ ಮನೆಯನ್ನೂ ಬಿಟ್ಟು ನೆಲಮಂಗಲದ ಮಗಳ ಮನೆಗೆ ಹೋದಳು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ಅವ್ವ ಒಂದು ವರ್ಷ ಅತ್ತ ಕಾಲಿಡಲಿಲ್ಲ. ಅಪ್ಪ ಕೇಳಿದರೆ, "ಯಾವ ಮಾರಿ ಹೊತ್ಕೊಂಡು ಆಕಿ ಮುಂದ ಹೋಗಿ ನಿಲ್ಲಲಿ?" ಎನ್ನುತ್ತಿದ್ದಳು. ಕಟ್ಟೆಯ ಮೇಲೆ ಒಬ್ಬಳೇ ಕೂತು ಕಾಫಿ ಕುಡಿಯುತ್ತಿದ್ದ ಅವಳನ್ನು ನೋಡಿದಾಗಲೆಲ್ಲ ನನಗೆ ನನ್ನ ಗುಳ್ಳೆಗಳ ಮೇಲೆ ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ಆ ಸಿನಿಮಾ ಬಂತು. ಕೊಲೆ ಮಾಡುವ ಗೊಂಬೆಯ ಕತೆ. ಸಿನಿಮಾದವರು ಗೊಂಬೆಗಳನ್ನು ಒಯ್ದದ್ದು ಅವ್ವನ ಶೆಡ್ಡಿನಿಂದಲೇ ಎಂದು ನಾನು ಶಾಲೆಯಲ್ಲೆಲ್ಲ ಡಂಗುರ ಸಾರಿದ್ದೆ. ಭಾನುವಾರ ಮಧ್ಯಾಹ್ನ ವಠಾರಕ್ಕೆ ವಠಾರವೇ ಹೆದ್ದಾರಿ ಪಕ್ಕದ ಟಾಕೀಸಿಗೆ ಹೊರಟಿತು. ಹೆದರಲಿಕ್ಕೆಂದು ನಾನು ಎರಡು ದಿನದಿಂದ ತಯಾರಾಗಿದ್ದೆ. ಆದರೆ ಹೆದರಿಸಬೇಕಲ್ಲ! ಗೊಂಬೆ ನಡೆದು ಬರುವಾಗ ಅದನ್ನು ಹಿಡಿದವನ ಮೊಣಕೈ ಕಾಣುತ್ತಿತ್ತು. ಅದು ಬಾಗಿಲಿಗೆ ಬರುವ ಮೊದಲೇ ನಾಯಕಿ ಚೀರಿ ಮುಗಿಸಿರುತ್ತಿದ್ದಳು. ಹಿಂದಿನ ಸಾಲಿನವನೊಬ್ಬ, "ಗುರು, ಚಾಕು ಸರಿಯಾಗಿ ಹಿಡ್ಕೊಳಕ್ಕೂ ಬರಲ್ವಲ್ಲೋ ಇದಕ್ಕೆ" ಎಂದಾಗ ಟಾಕೀಸೆಲ್ಲ ನಗು. ನನಗೆ ಅವಮಾನದಿಂದ ಅಳು ಬಂದಿತ್ತು.

ಆಗಲೇ ಗೊಂಬೆಯ ಮುಖ ಪರದೆಯ ತುಂಬ ಬಂತು. ಅವ್ವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಹೆದರಿದಳೇನೋ ಎಂದು ನನಗೆ ಖುಷಿಯಾಯಿತು.

"ಎಡಗಣ್ಣು ಕೆಳಗ ಐತಿ ನೋಡ," ಎಂದಳು. "ಇದು ನಮ್ಮ ಸರೋಜಕ್ಕನ ಕೈ."

ರಿಜೆಕ್ಟ್ ಬುಟ್ಟಿಯಿಂದಲೇ ಅದನ್ನು ಆರಿಸಿಕೊಂಡಿದ್ದರು. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಸಿನಿಮಾ ಮುಗಿದಾಗ ಅವಳು ಮನೆಯ ಬಸ್ಸಿಗೆ ನಿಲ್ಲದೆ ನನ್ನ ಕೈಹಿಡಿದು ರಸ್ತೆ ದಾಟಿ ನೆಲಮಂಗಲದ ಬಸ್ಸು ಹತ್ತಿದಳು. ವರ್ಷವೆಲ್ಲ ಹುಡುಕಿದರೂ ಸಿಗದ ನೆಪವೊಂದನ್ನು ಆ ಕೆಟ್ಟ ಸಿನಿಮಾ ಕೊಟ್ಟಿತ್ತು.

ಬಾಗಿಲು ತೆರೆದ ಸರೋಜಕ್ಕ ಅವ್ವನ ಮುಖದ ಹತ್ತಿರ ಬಂದು ದಿಟ್ಟಿಸಿದಳು. ಬಯ್ಯಲಿಲ್ಲ. "ಈಗ ನೆಪ್ಪಾಯ್ತೇನೇ?" ಎಂದವಳೇ ಕಾಫಿಗೆ ಇಟ್ಟಳು. ಮರುದಿನವೇ ಟಾಕೀಸಿನಿಂದ ಆ ಸಿನಿಮಾವನ್ನು ಎತ್ತಿಬಿಡುತ್ತಾರೆಂಬ ಸುದ್ದಿ ಇದ್ದದ್ದರಿಂದ ಅಂದೇ ಸಂಜೆಯ ಆಟಕ್ಕೆ ನಾವು ಮೂವರೂ ಅಲ್ಲಿಗೆ ವಾಪಸ್ ಹೋದೆವು. ಟಾಕೀಸಿನಲ್ಲಿ ನಮ್ಮನ್ನು ಬಿಟ್ಟರೆ ಹತ್ತು ಜನ ಇದ್ದರೋ ಇಲ್ಲವೋ. ಸರೋಜಕ್ಕನಿಗೆ ಕಾಣಲೆಂದು ಮುಂದಿನ ಸಾಲಿನಲ್ಲೇ ಕೂತೆವು. ಪರದೆಯಷ್ಟು ದೊಡ್ಡದಾದ ಆ ಕಣ್ಣು ಅವಳಿಗೂ ಕಂಡಿತು.

"ಸೊಟ್ಟ ಕುಂತದಲ್ಲೇ," ಎಂದಳು. "ಬಿಡು, ಯಾರಾದ್ರೂ ಹೆದರ್ಕೊಂಡ್ರೆ ಅದು ನನ್ನಿಂದ್ಲೇಯ." ಇಬ್ಬರೂ ಎಷ್ಟು ನಕ್ಕರೆಂದರೆ ಬ್ಯಾಟರಿ ಬಿಟ್ಟು ಸೀಟು ತೋರಿಸುವವನು ಬಂದು ಬೈದುಹೋದ.

ಅಂದಿನಿಂದ ಅವರಿಬ್ಬರಿರುವವರೆಗೂ ಅವ್ವನ ಭಾನುವಾರಗಳು ನೆಲಮಂಗಲದವು. ಈಗ ಇಬ್ಬರೂ ಇಲ್ಲ. ವಠಾರದ ಜಾಗದಲ್ಲಿ ಗೋದಾಮು ಎದ್ದಿದೆ, ಆ ಕಟ್ಟೆ ಎಲ್ಲಿತ್ತೆಂದು ತೋರಿಸಲು ಗುರುತೂ ಉಳಿದಿಲ್ಲ. ಬಕೆಟ್ಟಿನ ವಾಸನೆಯ ನೆಪದಲ್ಲಿ ಮಗಳು ಸಿಂಚನಳಿಗೆ ಇದನ್ನೆಲ್ಲ ಹೇಳಿದಾಗ ಅವಳು ಹೇಗೋ ಆ ಸಿನಿಮಾವನ್ನು ಹುಡುಕಿ ಟಿವಿಗೆ ಹಾಕಿದಳು. "ಅಮ್ಮಾ, ಇದು ಹಾರರ್ರಾ?" ಎಂದು ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ.

ಮೊದಲರ್ಧದಲ್ಲಿ ಗೊಂಬೆ ಅಂಗಡಿಯ ದೃಶ್ಯವೊಂದಿದೆ. ಕಪಾಟಿನಲ್ಲಿ ಸಾಲಾಗಿ ಗೊಂಬೆಗಳು. ಎರಡು ಸಲ ನೋಡಿದಾಗಲೂ ನಾನದನ್ನು ಗಮನಿಸಿರಲಿಲ್ಲ. ಸರೋಜಕ್ಕನ ಗೊಂಬೆಯ ಪಕ್ಕದಲ್ಲೇ ಇನ್ನೊಂದು. ಅದರ ಎರಡೂ ರೆಪ್ಪೆಗಳ ತುದಿ, ಕಿರುಬೆರಳಿನ ಉಗುರು ತಾಗಿದಂತೆ, ಮೇಲಕ್ಕೆ ಚಿಮ್ಮಿತ್ತು. ಅವ್ವನಿಗೆ ಕಾಣದೆ ಇರಲು ಸಾಧ್ಯವೇ ಇಲ್ಲ. ಎರಡು ಸಲವೂ ನೋಡಿದ್ದಾಳೆ, ಬಾಯಿಬಿಟ್ಟಿಲ್ಲ. ನಾನು ರಿಮೋಟ್ ಒತ್ತಿ ನಿಲ್ಲಿಸಿದೆ.

"ಇಲ್ಲೇನೂ ಆಗ್ತಿಲ್ವಲ್ಲಮ್ಮ, ಮುಂದೆ ಓಡ್ಸು," ಎಂದಳು ಸಿಂಚನ.

"ಸ್ವಲ್ಪ ಇರು ಮಗಳೇ," ಎಂದೆ.