ಅಜ್ಜಿಯ ಅಳತೆಗೆ ಮಾಡಿದ ಗಾಡಿ

ಮಾವಿನ ಹಣ್ಣಿನ ಅಂಗಡಿಯ ಮುಂದೆ ನಿಂತರೆ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಸುಡುಗಾಡಿನ ದಾರಿ ನೆನಪಾಗುತ್ತದೆ. ಇದನ್ನು ಅಂಗಡಿಯವನಿಗೆ ಹೇಳುವಂತಿಲ್ಲ. ಹಣ್ಣು ಬೇಗ ಮಾಗಲೆಂದು ಬುಟ್ಟಿಯ ತಳದಲ್ಲಿ ಕಾಗದ ಸುತ್ತಿ ಕಾರ್ಬೈಡ್ ಇಟ್ಟಿರುತ್ತಾರಲ್ಲ, ಅದಕ್ಕೊಂದು ವಾಸನೆ ಉಂಟು. ಕೊಳೆತ ಬೆಳ್ಳುಳ್ಳಿ, ಒದ್ದೆ ಸುಣ್ಣ, ಆಗಷ್ಟೇ ಆರಿಸಿದ ದೀಪದ ಬತ್ತಿ, ಮೂರೂ ಸೇರಿದಂಥದ್ದು. ಶಿವಮೊಗ್ಗದ ಮಾರ್ಕೆಟ್ಟಿನಲ್ಲಿ ಅದು ಮೂಗಿಗೆ ತಾಗಿದರೆ ಸಾಕು, ನಾನು ನಡುವಯಸ್ಸಿನವಳು, ಮಂಡಿನೋವಿನವಳು, ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದವಳು ಎಂಬುದೆಲ್ಲ ಮರೆತುಹೋಗಿ, ನಮ್ಮ ಗುಡ್ಡದ ಮನೆಯ ಅಂಗಳದಲ್ಲಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಕೂತುಬಿಡುತ್ತೇನೆ. ಕಣ್ಣು ತೆರೆಯಬಾರದೆಂದು ಮಾವ ಹೇಳಿದ್ದ. ಅಂಗಳದಲ್ಲಿ ವೆಲ್ಡಿಂಗ್ ನಡೆದಿತ್ತು.

ನಮ್ಮದು ಚಿಂತೆಯ ಮನೆತನ. ಬಾಡಿಗೆಗೆ ಮನೆ ನೋಡಲು ಹೋದರೆ ನೀರು, ಗಾಳಿ ವಿಚಾರಿಸುವ ಮೊದಲು ನಾನು ಮೆಟ್ಟಿಲಿನ ತಿರುವಿನಲ್ಲಿ ನಿಂತು, ಇಲ್ಲಿಂದ ಒಬ್ಬರನ್ನು ಮಲಗಿಸಿಕೊಂಡು ಇಳಿಸಲು ಆದೀತೇ ಎಂದು ಕಣ್ಣಲ್ಲೇ ಅಳೆಯುತ್ತೇನೆ. ಮನೆಯ ಯಜಮಾನರು ನಾನು ದೊಡ್ಡ ಬೀರು ತರುವವಳೆಂದು ತಿಳಿದು ಸಮಾಧಾನ ಹೇಳುತ್ತಾರೆ. ಈ ರೋಗ ನನಗೆ ಅಪ್ಪಯ್ಯನಿಂದ ಬಂದದ್ದು. ಅಪ್ಪಯ್ಯನನ್ನು ದೂರುವಂತೆಯೂ ಇಲ್ಲ, ಅವನಿಗೆ ಕಾರಣವಿತ್ತು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುತ್ತಿದ್ದ ಕಾಲ. ಮೊದಲು ಅವನಿಗಿದ್ದದ್ದು ನೀರು ಮನೆಗೆ ಬಂದರೆ ಏನು ಗತಿ ಎಂಬ ಚಿಂತೆ. ನೀರು ನಮ್ಮ ಗದ್ದೆಯವರೆಗೆ ಬಂದು ನಿಂತ ಮೇಲೆ, ಮನೆಗೆ ಬರಲಿಲ್ಲವಲ್ಲ, ಇನ್ನೇನು ಗತಿ ಎಂಬ ಚಿಂತೆ ಶುರುವಾಯಿತು. ಕೆಳಗಿನ ಊರಿಗೆ ಊರೇ ಗಂಟು ಕಟ್ಟಿತು. ಕೆಲವರು ತೀರ್ಥಹಳ್ಳಿಯ ಕಡೆಗೆ, ಕೆಲವರು ಶಿವಮೊಗ್ಗದ ಕಡೆಗೆ ಚೆದುರಿಹೋದರು. ಗುಡ್ಡದ ಮೇಲಿದ್ದ ತಪ್ಪಿಗೆ ನಾವೂ ಈರಪ್ಪಣ್ಣನ ಮನೆಯವರೂ ಉಳಿದುಕೊಂಡೆವು. ಊರು ಹೋಗಿ ಮನೆ ಉಳಿಯುವುದು ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಸಂಜೆ ಹೊತ್ತು ಯಾರ ಮನೆಯದಾದರೂ ಒಗ್ಗರಣೆಯ ವಾಸನೆ ಬಂದೀತೇನೋ ಎಂದು ಅಜ್ಜಿ ಜಗಲಿಯ ತುದಿಗೆ ಬಂದು ನಿಲ್ಲುತ್ತಿದ್ದಳು. ಬರುತ್ತಿದ್ದದ್ದು ನಿಂತ ನೀರಿನ ವಾಸನೆ.

ಅಪ್ಪಯ್ಯನ ತಾಯಿ, ನನ್ನ ಅಜ್ಜಿ, ಗಿಡ್ಡ ಆಳು. ನಾಲಿಗೆ ಮಾತ್ರ ಉದ್ದ. ಅವಳಿಗಿದ್ದದ್ದು ಒಂದೇ ಹಟ. "ನಾಲ್ಕು ಜನದ ಹೆಗಲ ಮೇಲೆ ಹೋಗಬೇಕು ಕಣೊ. ಅದೊಂದು ನೋಡ್ಕ. ಬೇರೆ ಎಂತದೂ ಕೇಳಲ್ಲ ನಿನ್ನ," ಎಂದು ಊಟಕ್ಕೆ ಕೂತಾಗಲೆಲ್ಲ ಅಪ್ಪಯ್ಯನಿಗೆ ಹೇಳುತ್ತಿದ್ದಳು. ಅಪ್ಪಯ್ಯನ ತುತ್ತು ಅಲ್ಲೇ ನಿಲ್ಲುತ್ತಿತ್ತು. ಹಳೆಯ ಸುಡುಗಾಡು ನೀರಿನಡಿಯಲ್ಲಿತ್ತು. ಹೊಸದು ಗುಡ್ಡದ ಆಚೆ ಬದಿಗೆ, ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಹೋಗಬೇಕು. ಹೊರಲು ಯಾರಿದ್ದರು? ಮಗನಾದವನು ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯಬೇಕಾದ್ದರಿಂದ ಅವನ ಹೆಗಲು ಲೆಕ್ಕಕ್ಕಿಲ್ಲ. ಉಳಿದದ್ದು ಈರಪ್ಪಣ್ಣ ಒಬ್ಬನೇ. ಚೆದುರಿದವರಿಗೆ ಸುದ್ದಿ ಮುಟ್ಟಿ ಅವರು ಬರುವವರೆಗೆ ಕಾಯಲು ಹೆಣಕ್ಕೆ ತಾಳ್ಮೆ ಇರುವುದಿಲ್ಲ.

ಒಂದು ದಿನ ಅಪ್ಪಯ್ಯ, ಸೌದೆಗೂ ನೀರಿಗೂ ಒಂದು ಕೈಗಾಡಿ ಮಾಡಿಸುತ್ತೇನೆ ಎಂದ. ಅಮ್ಮನ ತಮ್ಮ, ನನ್ನ ಮಾವ, ಕಾರ್ಗಲ್ಲಿನಲ್ಲಿ ವೆಲ್ಡರ್ ಕೆಲಸದಲ್ಲಿದ್ದ. ಅವನಿಗೆ ಹೇಳಿಕಳಿಸಿಯೂ ಆಯಿತು. ಅದರ ಮಾರನೆಯ ಮಧ್ಯಾಹ್ನ ಅಜ್ಜಿ ಚಾಪೆಯ ಮೇಲೆ ಅಡ್ಡಾಗಿದ್ದಾಗ ಅಪ್ಪಯ್ಯ ಒಂದು ಸೆಣಬಿನ ದಾರ ಹಿಡಿದು ಬೆಕ್ಕಿನಂತೆ ಹತ್ತಿರ ಹೋಗಿ, ಅವಳ ತಲೆಯಿಂದ ಹಿಮ್ಮಡಿಯವರೆಗೆ ಹಿಡಿದು ನೋಡಿ ಗಂಟು ಹಾಕಿದ. ಅಜ್ಜಿ ಕಣ್ಣು ತೆರೆಯದೆ ಕೇಳಿದಳು:

"ಎಂತದಾ? ರವಿಕೆ ಹೊಲಿಸ್ತೀಯನಾ?"

"ಸೌದೆ ಗಾಡಿಗೆ ಅಮ್ಮಾ. ಸುಮ್ನೆ ಒಂದು ಅಂದಾಜು."

"ಹಂಗಾ. ಸೌದೆಗೆ ಕಾಲು ಚಾಚಕ್ಕೆ ಜಾಗ ಬೇಕನಾ?"

ಅಪ್ಪಯ್ಯ ದಾರ ಸುತ್ತಿ ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ಹೊತ್ತು ಮುಳುಗುವವರೆಗೂ ಒಳಗೆ ಬರಲಿಲ್ಲ.

ಮಾವ ಬಂದದ್ದು ಭಾನುವಾರ. ಯಾವುದೋ ಜೀಪು ಅವನನ್ನೂ ಅವನ ಸಾಮಾನನ್ನೂ ಗುಡ್ಡದ ಬುಡದಲ್ಲಿ ಇಳಿಸಿ ಹೋಗಿತ್ತು. ಉದ್ದನೆಯ ಆಕ್ಸಿಜನ್ ಸಿಲಿಂಡರನ್ನು ಅಪ್ಪಯ್ಯನೂ ಈರಪ್ಪಣ್ಣನೂ ಗಳಕ್ಕೆ ಕಟ್ಟಿ ಹೊತ್ತು ತಂದರು. ಅವರು ಅದನ್ನು ಹೊತ್ತು ಅಂಗಳಕ್ಕೆ ಬರುವುದನ್ನು ಅಜ್ಜಿ ಜಗಲಿಯಿಂದ ಬಹಳ ಹೊತ್ತು ನೋಡಿದಳು. ಗುಜರಿಗೆ ಬಿದ್ದಿದ್ದ ಕಬ್ಬಿಣದ ಆಂಗಲ್ ಪಟ್ಟಿಗಳು, ಕಾಂಕ್ರೀಟ್ ಸಾಗಿಸುವ ಗಾಡಿಯ ಎರಡು ರಬ್ಬರ್ ಗಾಲಿಗಳು, ಅವಕ್ಕೆ ಅಚ್ಚಾಗಿ ಒಂದು ದಪ್ಪ ಸಲಾಕೆ, ಇಷ್ಟನ್ನೂ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಹರಡಿ, ಅಪ್ಪಯ್ಯ ಗರಗಸದಲ್ಲಿ ಪಟ್ಟಿ ಕೊಯ್ದ. ಮೂಲೆಯಿಂದ ಮೂಲೆಗೆ ದಾರ ಹಿಡಿದು ಚೌಕ ಸರಿಯಿದೆಯೇ ಎಂದು ನೋಡಿದ, ಮತ್ತೆ ನೋಡಿದ, ಮಾವ ನಕ್ಕ ಮೇಲೂ ಇನ್ನೊಮ್ಮೆ ನೋಡಿದ. ಆಮೇಲೆ, "ಬೋಲ್ಟ್ ಹಾಕನ ಮಾರಾಯ. ಮುಂದೆ ಬೇಕು ಅಂದ್ರೆ ಬಿಚ್ಚಿ ಉದ್ದ ಮಾಡ್ಬಹುದು," ಎಂದ.

"ಬೋಲ್ಟ್ ಅಂದ್ರೆ ಈ ಬಂಡೆ ದಾರೀಲಿ ನಾಲ್ಕು ದಿನಕ್ಕೆ ಕಟಕಟ ಅಂತದೆ ಭಾವ. ಬೆಸುಗೆ ಹಂಗಲ್ಲ, ಕಬ್ಬಿಣ ಮುರೀಬೇಕೇ ಹೊರತು ಅದು ಬಿಡಲ್ಲ." ಮಾವ ದನಿ ತಗ್ಗಿಸಿದ. "ಉದ್ದ ಮಾಡಿದ್ರೆ ಬಂಡೆ ತಿರುವಲ್ಲಿ ತಿರುಗಲ್ಲ. ಅಲ್ದೆ, ಅತ್ತೆ ಇನ್ನು ಬೆಳೀತಾರಾ?"

ಬೆಸುಗೆಯ ಬೆಂಕಿಗೆ ಬೇಕಾದ ಗ್ಯಾಸ್ ಎಬ್ಬಿಸಲು ಕಾರ್ಬೈಡ್ ಡಬ್ಬಕ್ಕೆ ನೀರು ಬಿಟ್ಟಾಗ ಅದು ಗೊಳಗೊಳ ಎಂದು ಕುದಿಯಿತು. ಆ ವಾಸನೆ ಅಂಗಳ ದಾಟಿ, ಅಡಿಗೆಮನೆ ದಾಟಿ, ದೇವರ ಮುಂದಿನ ಊದುಬತ್ತಿಯನ್ನೂ ದಾಟಿಹೋಯಿತು. ಕಪ್ಪು ಕನ್ನಡಕ ಇದ್ದದ್ದು ಮಾವನದೊಂದೇ. ಅಪ್ಪಯ್ಯ ಪಟ್ಟಿಯನ್ನು ಹಿಡಿದು, ಮುಖವನ್ನು ಗುಡ್ಡದ ಕಡೆಗೆ ತಿರುಗಿಸಿ ಕೂತಿದ್ದ. ನಾನು ಬೆರಳ ಸಂದಿಯಿಂದ ನೋಡಿದ್ದು ನಿಜ. ನೀಲಿ ನಾಲಿಗೆಯಂಥ ಬೆಂಕಿ, ಅದರ ತುದಿಯಲ್ಲಿ ಕಬ್ಬಿಣ ಬೆಲ್ಲದ ಪಾಕದಂತೆ ಕರಗಿ ಒಂದಕ್ಕೊಂದು ಕೂಡಿಕೊಳ್ಳುತ್ತಿತ್ತು. ಅದಾದ ಮೇಲೆ ಕಣ್ಣು ಹೋಯಿತೆಂದೇ ಎಷ್ಟೋ ದಿನ ದಿಗಿಲಾಗಿ, ಬೆಳಿಗ್ಗೆ ಎದ್ದವಳೇ ಮಾಡಿನ ಹಂಚು ಎಣಿಸಿ ನೋಡುತ್ತಿದ್ದೆ.

ಸಂಜೆ ಡಬ್ಬದ ತಳದಲ್ಲಿ ಬಿಳಿಯ ಬಗ್ಗಡ ಉಳಿದಿತ್ತು. ಅದು ಸುಣ್ಣ, ಗೋಡೆಗೆ ಬಳಿಯಬಹುದು ಎಂದ ಮಾವ. ಅಜ್ಜಿ ಬಗ್ಗಿ ನೋಡಿ, "ಎಲೆಗೆ ಹಚ್ಚಬಹುದನಾ?" ಎಂದು ಕೇಳಿದಳು.

"ಅದನ್ನ ತಿಂದ್ರೆ ಗಾಡಿ ನಾಳೆನೇ ಬೇಕಾಗ್ತದೆ ಅತ್ತೆ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪಯ್ಯ ನೆಲ ನೋಡಿದ. ಮೊದಲು ನಕ್ಕವಳು ಅಜ್ಜಿಯೇ, ನಕ್ಕು ನಕ್ಕು ಕೆಮ್ಮು ಹತ್ತಿ, ಕಣ್ಣೊರೆಸಿಕೊಂಡು, ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಗಾಡಿ ಚೆನ್ನಾಗೈತೆ. ಆದ್ರೆ ನಾನು ಗೊಬ್ಬರದ ಹಂಗೆ ಗಾಡೀಲಿ ಹೋಗೋಳಲ್ಲ. ಹೆಗಲ ಮೇಲೇ ಹೋಗೋಳು. ಜನ ಸಿಗಾ ತಂಕ ಸಾಯಲ್ಲ, ಅಷ್ಟೆಯ." ಅಮ್ಮ ಆ ಸುಣ್ಣವನ್ನು ತುಳಸಿಕಟ್ಟೆಗೆ ಬಳಿದಳು. ಆ ವಾಸನೆ ಬಹಳ ದಿನ ಹೋಗಲಿಲ್ಲ.

ಮಲಗಿಸುವ ಜಾಗಕ್ಕೆ ಹಲಗೆ ಹೊಡೆದ ಮೇಲೆ ಗಾಡಿ ನಿಜಕ್ಕೂ ನೀರಿಗೂ ಸೌದೆಗೂ ಒದಗಿತು. ಅಪ್ಪಯ್ಯನಿಗೆ ಅದೊಂದು ಸಮಾಧಾನ. ಎಲ್ಲರ ಸಾವಿನ ಚಿಂತೆಯನ್ನೂ ಮಾಡಿ ಮುಗಿಸಿದವನಂತೆ ಆಗಾಗ ಶಿಳ್ಳೆ ಹಾಕುವುದನ್ನೂ ಕಲಿತಿದ್ದ. ಮರುವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಗಾಡಿಯ ತುಂಬ ಸೌದೆ ತಂದು, ಅರ್ಧ ಇಳಿಸಿ, ಎದೆ ಉಜ್ಜಿಕೊಳ್ಳುತ್ತ ಜಗಲಿಯ ಮೇಲೆ ಕೂತು ನನ್ನ ಹತ್ತಿರ ನೀರು ಕೇಳಿದ. ನಾನು ಚೊಂಬು ತಂದಾಗ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದ. ದಣಿದಿದ್ದಾನೆ, ಎಬ್ಬಿಸುವುದು ಬೇಡವೆಂದು ನಾನು ಚೊಂಬು ಹಿಡಿದುಕೊಂಡು ನಿಂತೇ ಇದ್ದೆ. ಎಷ್ಟು ಹೊತ್ತು ನಿಂತಿದ್ದೆನೋ. ಅಮ್ಮ ಬಂದು ನೋಡಿದಳು.

ಮಾವನಿಗೆ ಸುದ್ದಿ ಮುಟ್ಟಿ ಅವನು ಬರುವವರೆಗೆ ಕಾಯುವಂತಿರಲಿಲ್ಲ. ಬಿಸಿಲು ಹಾಗಿತ್ತು. ಈರಪ್ಪಣ್ಣ ಬಂದು ಅಂಗಳದಲ್ಲಿ ಸುಮ್ಮನೆ ಒಂದು ಸುತ್ತು ಬಂದು, ಅಪ್ಪಯ್ಯ ಇಳಿಸಿದ್ದ ಸೌದೆಯನ್ನು ಮತ್ತೆ ಗಾಡಿಗೆ ಏರಿಸಿ ಗುಡ್ಡದ ಆಚೆಗೆ ಎಳೆದುಕೊಂಡು ಹೋದ. ಅಪ್ಪಯ್ಯ ಸುಳ್ಳು ಹೇಳಿರಲಿಲ್ಲ, ಗಾಡಿ ಸೌದೆಯನ್ನೇ ಮೊದಲು ಹೊತ್ತಿತು. ಈರಪ್ಪಣ್ಣ ಖಾಲಿ ಗಾಡಿ ತಂದು ನಿಲ್ಲಿಸಿದ ಮೇಲೆ ಅಪ್ಪಯ್ಯನನ್ನು ಮಲಗಿಸಿದರು. ಅಪ್ಪಯ್ಯ ಎತ್ತರದ ಆಳು. ಹಿಮ್ಮಡಿ ಚೌಕಟ್ಟಿನಿಂದ ಒಂದು ಗೇಣು ಆಚೆಗೆ ಬಂತು. ಕೆಳಗೆ ಸರಿಸಿದರೆ ಇನ್ನಷ್ಟು, ಮೇಲೆ ಸರಿಸಿದರೆ ತಲೆ ಕಬ್ಬಿಣಕ್ಕೆ ತಾಗುತ್ತಿತ್ತು. ಈರಪ್ಪಣ್ಣ ಚೌಕಟ್ಟಿನ ಮೂಲೆಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ, ಬಿಚ್ಚುವಂಥದ್ದೇನಾದರೂ ಇದೆಯೇನೋ ಎಂಬಂತೆ. ಆಮೇಲೆ ಬೆಂಕಿಯ ಮಡಕೆಯನ್ನು ನನ್ನ ಕೈಗೆ ಕೊಟ್ಟ. "ನೀನೇ ಹಿಡ್ಕ ಮಗಾ. ನೋಡಾರು ಯಾರಿದಾರೆ ಇಲ್ಲಿ. ಹಿಂದೆ ತಿರುಗಬ್ಯಾಡ."

ಅವನು ಮುಂದಿನಿಂದ ಎಳೆದ. ಅಮ್ಮ ಪಕ್ಕದಿಂದ ತಳ್ಳಿದಳು. ನಾನು ಮುಂದೆ ನಡೆದೆ. ಹೇಗೂ ನನ್ನ ಹೆಗಲು ಲೆಕ್ಕಕ್ಕಿರಲಿಲ್ಲ. ಹಿಂದಿನಿಂದ ಗಾಲಿಯ ಸದ್ದು, ಕಲ್ಲು ಸಿಕ್ಕಾಗ ಅಮ್ಮನ ಉಸಿರಿನ ಸದ್ದು. ಅಂಗಳ ದಾಟುವ ಹೊತ್ತಿಗೆ ಈರಪ್ಪಣ್ಣ ಅಜ್ಜಿಗೆ ಹೇಳುವುದು ಕೇಳಿತು. "ಬಿಡಿ ಅಮ್ಮಾ, ಹಗ್ಗ ಕಟ್ತೀನಿ."

"ಹಗ್ಗ ಬ್ಯಾಡ. ನೀ ಎಳಿ," ಎಂದಳು ಅಜ್ಜಿ.

ಬಂಡೆ ತಿರುವಿನಲ್ಲಿ ನಾನು ತಿರುಗಿ ನೋಡಿಬಿಟ್ಟೆ. ಅಜ್ಜಿ ಗಾಡಿಯ ಹಿಂದೆ, ಮಗನ ಎರಡೂ ಪಾದಗಳನ್ನು ಅಂಗೈಯಲ್ಲಿ ಎತ್ತಿ ಹಿಡಿದುಕೊಂಡು, ಗಾಡಿಯ ಓಟಕ್ಕೆ ಸರಿಯಾಗಿ ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಬರುತ್ತಿದ್ದಳು. ಅವು ನೆಲಕ್ಕೆ ತೂಗುಬೀಳದ ಹಾಗೆ ಗುಡ್ಡದ ಆಚೆಯವರೆಗೂ ಹಾಗೇ ಹಿಡಿದುಕೊಂಡು ಬಂದಳು.

ಅಜ್ಜಿ ಆಮೇಲೂ ಕೆಲವು ವರ್ಷ ಇದ್ದಳು. ಹೆಗಲಿನ ಮಾತು ಮತ್ತೆ ಎತ್ತಲಿಲ್ಲ. ಗಾಡಿ ಅಂಗಳದ ಮೂಲೆಯಲ್ಲಿ ನಿಂತಿರುತ್ತಿತ್ತು. ಅದಕ್ಕೆ ಸೌದೆ ಹಾಕಲು ಅವಳು ಬಿಡುತ್ತಿರಲಿಲ್ಲ. ಅವಳು ತೀರಿಕೊಳ್ಳುವ ಹೊತ್ತಿಗೆ ಗುಡ್ಡದ ಮೇಲಕ್ಕೆ ಮಣ್ಣಿನ ರಸ್ತೆ ಬಂದಿತ್ತು. ತೀರ್ಥಹಳ್ಳಿಯ ಕಡೆಯವರು, ಶಿವಮೊಗ್ಗದ ಕಡೆಯವರು, ಕಾರ್ಗಲ್ಲಿನಿಂದ ಮಾವ ಮತ್ತು ಅವನ ಗೆಳೆಯರು, ಅಂಗಳದ ತುಂಬ ಹೆಗಲೇ ಹೆಗಲು. ಬಿದಿರು ಕಡಿದು ಚಟ್ಟ ಕಟ್ಟಲು ಕೂತವರ ಹತ್ತಿರ ಅಮ್ಮ ಹೋಗಿ, ತಲೆ ಎತ್ತದೆ, ಅಜ್ಜಿ ಹೇಳಿ ಹೋದದ್ದನ್ನು ಹೇಳಿದಳು: "'ನನ್ನ ಯಾರೂ ಹೊರಾದು ಬ್ಯಾಡ. ಅವ ನನ್ನ ಅಳತೆ ತಗಂಡು ಮಾಡ್ಸಿದ್ದು' ಅಂದಿದಾರೆ." ದೊಡ್ಡವರು ಗೊಣಗಿದರು. ಮಾವ ಎದ್ದುಹೋಗಿ ಗಾಡಿಯನ್ನು ತಂದ. ಮಲಗಿಸಿದಾಗ ತಲೆಯಿಂದ ಹಿಮ್ಮಡಿಯವರೆಗೆ ಅಳತೆ ಸರಿಯಾಗಿತ್ತು.

ಹೆಣ ಹೊತ್ತ ಚಟ್ಟವನ್ನು ಮನೆಗೆ ತರುವ ಪದ್ಧತಿಯಿಲ್ಲವೆಂದು ಈ ಸಲ ಗಾಡಿಯನ್ನು ಅಲ್ಲೇ ಬಿಟ್ಟರು. ನಾನೂ ಅಮ್ಮನೂ ಕಾರ್ಗಲ್ಲಿಗೆ ಮಾವನ ಕ್ವಾರ್ಟರ್ಸಿಗೆ ಹೋದೆವು. ಮನೆಯ ಹಂಚು ಯಾರದೋ ಮಾಡಿಗೆ ಹೋಯಿತು. ಗೋಡೆ ತಾನಾಗಿ ಕುಸಿಯಿತು. ಈಗ ಅಮ್ಮನೂ ಇಲ್ಲ, ಮಾವನೂ ಇಲ್ಲ. ಆ ಗುಡ್ಡದಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ನಿಮಗೂ ಅಂಥದೊಂದು ಗುಡ್ಡ ಇರಬಹುದು.

ಹೋದ ಬೇಸಿಗೆಯಲ್ಲಿ ಒಬ್ಬಳೇ ಹೋಗಿದ್ದೆ. ತುಳಸಿಕಟ್ಟೆಯ ಮೋಟು ಮಾತ್ರ ನಿಂತಿತ್ತು. ಸುಣ್ಣದ ಚಕ್ಕೆಯೊಂದನ್ನು ಎಬ್ಬಿಸಿ ಮೂಸಿದೆ, ವಾಸನೆ ಇರಲಿಲ್ಲ. ಗುಡ್ಡದ ಆಚೆ ಪೊದೆಯೊಳಗೆ ಗಾಡಿ ಸಿಕ್ಕಿತು. ಹಲಗೆಯನ್ನು ಗೆದ್ದಲು ತಿಂದಿತ್ತು, ಗಾಲಿ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಚೌಕಟ್ಟು ಮಾತ್ರ ತುಕ್ಕು ಹಿಡಿದು ಹಾಗೇ ಇತ್ತು. ಮೂಲೆಗಳನ್ನು ಒಂದೊಂದಾಗಿ ಹಿಡಿದು ಅಲ್ಲಾಡಿಸಿದೆ. ಮಾವನ ಬೆಸುಗೆ ಎಲ್ಲೂ ಬಿಟ್ಟಿರಲಿಲ್ಲ. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಮ್ಮ ಮನೆತನದ ಬುದ್ಧಿ ಬಿಡಲಾರದೆ, ಉದ್ದಕ್ಕೂ ಗೇಣು ಹಾಕಿ ಅಳೆದೆ.

ನನಗೆ ಅರ್ಧ ಗೇಣು ಕಡಿಮೆ ಬರುತ್ತದೆ.