ಕರಡಿಗೆ ಒತ್ತಿದ ಗಂಟು

ತಿ. ನರಸೀಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರುದ್ರಾಣಿಯ ರವಿಕೆ ಅಂಗಡಿ. ಊರಿನ ಅರ್ಧ ಹೆಂಗಸರ ಎದೆಯಳತೆ ಅವಳಿಗೆ ಬಾಯಿಪಾಠ. ಯಾರು ಊದಿದರು, ಯಾರು ಇಳಿದರು ಅನ್ನುವುದು ಅವರಿಗಿಂತ ಮೊದಲು ಅವಳ ಟೇಪಿಗೆ ಗೊತ್ತಾಗುತ್ತಿತ್ತು. ಆದರೆ ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ತನ್ನ ಮೈಯನ್ನು ಅವಳು ಎಂದೂ ನೋಡಿಕೊಂಡವಳಲ್ಲ.

ಮೂವತ್ತೊಂದನೇ ವಯಸ್ಸಿನಲ್ಲಿ ಒಂದು ದಿನ ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಉರಿಯಿಲ್ಲ. ಅವರದು ಲಿಂಗ ಕಟ್ಟಿಕೊಳ್ಳುವ ಮನೆತನ. ಲಿಂಗವಿಟ್ಟ ಬೆಳ್ಳಿಯ ಕರಡಿಗೆ ದಾರದಲ್ಲಿ ತೂಗಿ ಎದೆಯ ಮೇಲೆಯೇ ಇರಬೇಕು, ಮಲಗಿದರೂ ತೆಗೆಯುವಂತಿಲ್ಲ. ದಿನವಿಡೀ ಮೆಷಿನ್ನಿನ ಮೇಲೆ ಬಗ್ಗುವಾಗ ಅದೇ ಒತ್ತಿ ಗಂಟಾಗಿದೆ ಎಂದುಕೊಂಡಳು. ಅತ್ತೆ ಚನ್ನಾಜಮ್ಮನೂ ತಲೆಯಾಡಿಸಿದರು.

"ಕರಡಿಗೆ ಒತ್ತೈತೆ ಕಣವ್ವ. ದಾರ ಒಸಿ ಉದ್ದ ಮಾಡ್ಕೊ, ಅರಳೆಣ್ಣೆ ಅಚ್ಚು."

ರುದ್ರಾಣಿ ದಾರ ಉದ್ದ ಮಾಡಿಕೊಂಡಳು, ಎಣ್ಣೆಯನ್ನೂ ಹಚ್ಚಿದಳು. ಶಿವ ಕೊಟ್ಟ ಗಂಟು ಕೆಡುಕು ಮಾಡೀತೇ ಎಂಬ ಧೈರ್ಯ ಬೇರೆ. ಗಂಟು ಮಾತ್ರ ಕದಲಲಿಲ್ಲ.

ನಾದಿನಿ ಅರ್ಪಿತ ಡಿಗ್ರಿ ಓದುತ್ತಿದ್ದಳು. ಅವಳ ಕಾಲೇಜಿಗೆ ಡಾಕ್ಟರಮ್ಮ ಒಬ್ಬರು ಬಂದು ಸ್ತನ ಕ್ಯಾನ್ಸರ್ ವಿಚಾರ ಹೇಳಿಹೋಗಿದ್ದರು. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹುಡುಗಿಯಲ್ಲ ಅದು. ಊಟಕ್ಕೆ ಕೂತಾಗಲೇ ಶುರುಮಾಡಿದಳು.

"ತಿಂಗಳಿಗೊಂದ್ಸಲ ಮುಟ್ಟು ಮುಗುದ್ಮೇಲೆ ನಾವೇ ನೋಡ್ಕೋಬೇಕಂತೆ ಅತ್ಗೆ. ಕನ್ನಡೀಲಿ ನೋಡಿ, ಆಮೇಲೆ ಬೆರಳಲ್ಲಿ ಸುತ್ತ, ಕಂಕುಳ್ವರ್ಗೂ. ಗಂಟಿದ್ರೆ, ಚರ್ಮ ಒಳಕ್ಕೆಳ್ಕಂಡಿದ್ರೆ, ತೊಟ್ಟಲ್ಲಿ ರಕ್ತ ಬಂದ್ರೆ ತೋರಿಸ್ಬೇಕು. ನಮ್ ವಯಸ್ನೋರ್ಗೆ ಎಷ್ಟೋ ಗಂಟು ಏನೂ ಅಲ್ವಂತೆ. ಆದ್ರೆ ಅದ್ನ ಡಾಕ್ಟ್ರೇ ಏಳ್ಬೇಕು, ನಾವಲ್ಲ. ನೋವಿಲ್ದಿದ್ರೂ ಓಗ್ಬೇಕು."

"ಅನ್ನದ ಮುಂದೆ ಆಡೋ ಮಾತಾ ಇದು? ಮದ್ವೆ ಆಗ್ದಿರೋಳ್ಗೆ ಇದೆಲ್ಲ ಯಾಕೆ?" ಎಂದು ಚನ್ನಾಜಮ್ಮ ಗದರಿದರು.

ನೋವಿಲ್ಲದಿದ್ದರೂ ಎಂಬ ಮಾತಿಗೆ ರುದ್ರಾಣಿಯ ಕೈ ತಟ್ಟೆಯಲ್ಲೇ ನಿಂತಿತು. ಅರ್ಪಿತಳ ಕಣ್ಣಿಗೆ ಅದು ಬಿತ್ತು. ಪಾತ್ರೆ ತೊಳೆಯುವಾಗ ಒತ್ತಾಯ ಮಾಡಿ ವಿಷಯ ಬಾಯಿಬಿಡಿಸಿದಳು. ಮದುವೆ ಕಾಲ, ಹೊಲಿಗೆ ರಾಶಿ ಬಿದ್ದಿದೆ ಎಂದರೂ ಬಿಡದೆ ಮರುದಿನ ಬೆಳಿಗ್ಗೆ ಅತ್ತಿಗೆಯನ್ನು ಮೈಸೂರಿನ ಬಸ್ಸು ಹತ್ತಿಸಿ ತಾನೂ ಜೊತೆಗೆ ಹೊರಟಳು.

ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಕರಡಿಗೆ ಬಿಚ್ಚಿ ಅಂದರು. ಪ್ರಾಣ ಹೋದರೂ ಬಿಚ್ಚೆ ಎಂದು ರುದ್ರಾಣಿ ಎದ್ದೇಬಿಟ್ಟಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಬಸ್ ನಿಲ್ದಾಣದಲ್ಲಿ ಇರುತ್ತಿದ್ದಳು. ಅರ್ಪಿತ ಅವಳ ತೋಳು ಹಿಡಿದಳು. "ಪೂಜೇಲಿ ಲಿಂಗ ಎಲ್ಲಿರ್ತದೆ ಅತ್ಗೆ? ಅಂಗೈಲಿ ತಾನೆ? ಈಗ್ಲೂ ಅಲ್ಲೇ ಇರ್ಲಿ." ನರ್ಸ್ ಕೂಡ ಆಗಬಹುದು ಎಂದರು. ರುದ್ರಾಣಿ ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದುಕೊಂಡೇ ಮಲಗಿದಳು.

ಸೂಜಿ ಪರೀಕ್ಷೆಯೂ ಆಯಿತು. ಕ್ಯಾನ್ಸರ್ ಹೌದು, ಆದರೆ ಹರಡಿರಲಿಲ್ಲ. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಬೇಕಾಗೋ ಮುಂಚೆ ಬಂದಿದ್ದೀರಿ," ಎಂದರು ಡಾಕ್ಟರು. ಗಂಟನ್ನಷ್ಟೇ ತೆಗೆದರು, ಆಮೇಲೆ ರೇಡಿಯೇಷನ್ ಕೊಟ್ಟರು. ಆ ದಿನಗಳಲ್ಲಿ ಗಂಡ ಬಸವೇಶ್ ಅಡುಗೆ ಕಲಿತ. ಅವನ ಮುದ್ದೆಯಲ್ಲೂ ಗಂಟು. ರುದ್ರಾಣಿ ನಗುತ್ತಲೇ ತಿಂದಳು.

ಈಗ ಅವಳು ಚೆನ್ನಾಗಿದ್ದಾಳೆ, ತಪಾಸಣೆಗೆ ತಪ್ಪದೆ ಹೋಗಿಬರುತ್ತಾಳೆ. ಹಡೆದವ್ವ ಕೊಟ್ಟ ಜೀವವನ್ನು ನಾದಿನಿ ಕಾಪಾಡಿಕೊಟ್ಟಳು ಎಂದು ಯಾರು ಕೇಳಿದರೂ ಹೇಳುತ್ತಾಳೆ, ಕೇಳದಿದ್ದರೂ ಹೇಳುತ್ತಾಳೆ. ಅಳತೆ ಕೊಡಲು ಬರುವ ಹುಡುಗಿಯರಿಗೆ ಪರದೆಯ ಹಿಂದೆ ಅರ್ಪಿತಳ ಪಾಠ ಒಪ್ಪಿಸದೆ ಬಿಡುವುದಿಲ್ಲ.

ಮೊನ್ನೆ ಬನ್ನೂರಿನಿಂದ ಮದುವಣಗಿತ್ತಿ ಮಧುಶ್ರೀ ತನ್ನ ತಾಯಿ ಇಂದ್ರಾಣಿಯ ಜೊತೆ ಬಂದಿದ್ದಳು. ಪರದೆಯ ಹಿಂದೆ ರುದ್ರಾಣಿ ಪಾಠ ಶುರುಮಾಡಿದ್ದೇ ತಡ, ಹೊರಗೆ ಕೂತಿದ್ದ ಇಂದ್ರಾಣಿ ಮುಖ ಗಂಟಿಕ್ಕಿದಳು. "ಒಳ್ಳೆ ಕೆಲ್ಸಕ್ಕೆ ಬಂದಿವ್ನಿ, ಅಪಶಕುನ ಆಡ್ಬ್ಯಾಡಿ."

ಮೂಲೆಯಲ್ಲಿ ಹುಕ್ಸು ಹೊಲಿಯುತ್ತಿದ್ದ ಚನ್ನಾಜಮ್ಮ ತಲೆಯೆತ್ತಿದರು. "ನಾನೂ ಇಂಗೇ ನನ್ ಮಗ್ಳ ಬಾಯಿ ಮುಚ್ಸಕ್ಕೆ ಓಗಿದ್ದೆ ಕಣವ್ವ. ಅವ್ಳು ನನ್ ಮಾತು ಕೇಳಿದ್ದಿದ್ರೆ, ಈವತ್ತು ನಿನ್ ಮಗ್ಳ ಅಳತೆ ತಗಳಕ್ಕೆ ನನ್ ಸೊಸೆ ಇರ್ತಿರ್ಲಿಲ್ಲ."

ಇಂದ್ರಾಣಿ ಎದ್ದು ತಾನೂ ಪರದೆಯ ಒಳಗೆ ಹೋದಳು.

"ಇನ್ನೊಂದ್ಸಲ ಮೊದ್ಲಿಂದ ಏಳವ್ವ," ಎಂದಳು.