ಬೆನ್ನು ತಿರುಗಿಸಿ ಹೋದ ಕರಡಿ

ಸಂತಾಪ ಸಭೆಯಲ್ಲಿ ನಮ್ಮ ಸಾಹೇಬರು, “ಅವರ ಘರ್ಜನೆ ಇನ್ನೂ ನನ್ನ ಕಿವಿಯಲ್ಲಿದೆ” ಎಂದರು. ಹನ್ನೊಂದು ವರ್ಷ ಕರಡಿಯಾಗಿದ್ದ ನನ್ನ ಗೆಳೆಯ ಒಂದು ಸಲವೂ ಘರ್ಜಿಸಿರಲಿಲ್ಲ.

ಅರಣ್ಯ ಕಚೇರಿಯಲ್ಲಿ ಅವನು ಟಪಾಲು ಗುಮಾಸ್ತ. ಕರಡಿ ಎದುರಾದರೆ ಏನು ಮಾಡಬೇಕೆಂದು ಕಾಡಂಚಿನ ಶಾಲೆಗಳಲ್ಲಿ ತೋರಿಸುವ ಕಾರ್ಯಕ್ರಮ ಶುರುವಾದಾಗ, ಎಲ್ಲರಿಗಿಂತ ದಪ್ಪಗಿದ್ದವನು ಅವನೇ ಆದ್ದರಿಂದ ವೇಷ ಅವನ ಪಾಲಿಗೆ ಬಂತು. ಆದೇಶದಲ್ಲಿ ‘ಹೆಚ್ಚುವರಿ ಕರ್ತವ್ಯ’ ಎಂದಿತ್ತು. ಪಕ್ಕದ ಮೇಜಿನವನಾದ ನಾನೇ ಅದನ್ನು ಟೈಪ್ ಮಾಡಿದ್ದೆ.

ಬೇರೆ ಯಾರಾದರೂ ಆಗಿದ್ದರೆ ಕರಿ ಕಂಬಳಿ ಹೊದ್ದು ನಾಲ್ಕು ಸಲ ಕೂಗಿ ಮನೆಗೆ ಹೋಗುತ್ತಿದ್ದರು. ಇವನು ರಜೆ ಹಾಕಿ, ಹಳೆಯ ಕಾವಲುಗಾರನ ಜೊತೆ ಬಂಡೆಯ ಮೇಲೆ ಬೋರಲು ಮಲಗಿ ದಿನಗಟ್ಟಲೆ ಕರಡಿಗಳನ್ನು ನೋಡಿ ಬಂದ.

“ಕರಡಿಗೆ ನಮ್ಮ ಸಹವಾಸವೇ ಬೇಡ ಕಣೋ. ಎದ್ದು ನಿಲ್ಲೋದು ಹೊಡೆಯೋಕಲ್ಲ, ಯಾರು ಬಂದ್ರು ಅಂತ ಮೂಸೋಕೆ. ನಮ್ಮ ಸಾಹೇಬ್ರು ಹತ್ತೂವರೆಗೆ ಬಾಗಿಲಲ್ಲಿ ನಿಲ್ತಾರಲ್ಲ, ಹಾಗೆ” ಎಂದ.

ತಾಲೀಮು ನಡೆಯುತ್ತಿದ್ದುದು ಅವನ ಮನೆಯ ನಡುಕೋಣೆಯಲ್ಲಿ. ಎದುರಾಗುವ ಮನುಷ್ಯನ ಪಾತ್ರ ಹೆಂಡತಿಯದು. ಆಕೆ ನರ್ಸ್, ಗುಡ್ಡದ ಮೇಲಿನ ಮನೆಗಳಿಗೆ ಕಾಲುದಾರಿಯಲ್ಲಿ ಹೋಗಿ ಬರುವವಳು. ಮರಿಯ ಪಾತ್ರ ದಿಂಬಿನದು. ದಿಂಬಿಗೂ ಕರಡಿಗೂ ನಡುವೆ ಆಕೆ ಕಾಲಿಟ್ಟರೆ ತಾಲೀಮು ಮೊದಲಿನಿಂದ. “ಒಲೆ ಮೇಲೆ ಹಾಲಿದೆ ರೀ” ಎಂದರೂ ಕರಡಿ ಬಿಡುತ್ತಿರಲಿಲ್ಲ.

ಶಾಲೆಗಳಲ್ಲಿ ಅವನು ಬಾಗಿಲು ತಳ್ಳಿ ಬಂದು, ಎದ್ದು ನಿಂತು, ಗಾಳಿ ಮೂಸುತ್ತಿದ್ದ. ಮಕ್ಕಳು ಓಡದೆ, ಮೆಲ್ಲನೆ ಮಾತಾಡುತ್ತಾ, ಮುಖ ಅವನ ಕಡೆಗಿಟ್ಟು ಒಂದೊಂದೇ ಹೆಜ್ಜೆ ಹಿಂದೆ ಸರಿದರೆ ಬೆನ್ನು ತಿರುಗಿಸಿ ಹೋಗುತ್ತಿದ್ದ. ಓಡಿದವರನ್ನು ಮಾತ್ರ ಬೆನ್ನಟ್ಟಿ ಒಂದು ಚಪ್ಪಲಿ ಕಿತ್ತುಕೊಳ್ಳುತ್ತಿದ್ದ.

ಒಮ್ಮೆ ಮೇಲಿನಿಂದ ದೊಡ್ಡ ಅತಿಥಿಯೊಬ್ಬರು ಬರುವವರಿದ್ದರು. ಸಾಹೇಬರು ಅವನನ್ನು ಕರೆಸಿದರು.

“ನೀವು ಅಬ್ಬರಿಸಿ ಮೇಲೆ ಬೀಳ್ಬೇಕು. ಗಾರ್ಡ್ ಕೋಲು ಹಿಡ್ಕೊಂಡು ಬಂದು ಓಡಿಸ್ತಾನೆ.”

“ಸಾರ್, ಅದನ್ನ ನೋಡಿದ ಮಕ್ಕಳು ನಾಳೆ ಕೋಲು ಹಿಡ್ಕೊಂಡು ಕಾಡಿಗೆ ಹೋಗ್ತಾರೆ.”

“ಕರಡಿ ಕೆಲಸ ನೀವು ಮಾಡಿ. ಕರಡಿ ಹೇಗಿರ್ಬೇಕು ಅನ್ನೋದನ್ನ ಕಚೇರಿ ನೋಡ್ಕೊಳ್ಳುತ್ತೆ.”

ಮರುದಿನ ಊಟದ ನಂತರ ಸಭಾಂಗಣಕ್ಕೆ ಕರಡಿ ಬಂತು. ಅತಿಥಿಗಳು ತೂಕಡಿಸುತ್ತಿದ್ದರು. ಓಡದೆ, ಕಿರುಚದೆ, ಅಲುಗಾಡದೆ ಕೂತಿದ್ದ ಅವರನ್ನು ದೂರದಿಂದಲೇ ಮೂಸಿ, ಸಮಾಧಾನಗೊಂಡು ಹೊರಟುಹೋಯಿತು. ಚಪ್ಪಾಳೆಗೆ ಎಚ್ಚರಗೊಂಡ ಅತಿಥಿಗಳು, “ಕರಡಿ ಎಷ್ಟು ಹೊತ್ತಿಗೆ ಬರುತ್ತೆ?” ಎಂದು ಕೇಳಿದರು.

‘ಕರಡಿಯಾಗಿ ತೃಪ್ತಿಕರವಾಗಿ ವರ್ತಿಸದೇ ಇದ್ದುದಕ್ಕೆ’ ಕಾರಣ ಕೇಳಿ ನೋಟಿಸು ಬಂತು. ಅದನ್ನೂ ನಾನೇ ಟೈಪ್ ಮಾಡಿದೆ. ‘ಕರಡಿ ಹೀಗೆಯೇ ವರ್ತಿಸುತ್ತದೆ’ ಎಂದು ಅವನು ಒಂದೇ ಸಾಲು ಬರೆದ. ವೇಷ ಜೀಪಿನ ಡ್ರೈವರನಿಗೆ ಹೋಯಿತು. ಅವನು ಚೆನ್ನಾಗಿ ಅಬ್ಬರಿಸುತ್ತಿದ್ದ. ನನ್ನ ಗೆಳೆಯ ಹಳೆಯ ಕಡತಗಳ ಕೋಣೆಗೆ ಹೋದ.

ಅಲ್ಲಿ ಕುಳಿತ ಅವನನ್ನು ಒಂದೇ ಮಾತು ಕೊರೆಯುತ್ತಿತ್ತು. “ಹನ್ನೊಂದು ವರ್ಷ ಕುಣಿದೆನಲ್ಲ, ಅದರಿಂದ ಯಾರಿಗಾದ್ರೂ ಏನಾದ್ರೂ ಆಯ್ತೇನೋ?” ಚಪ್ಪಲಿ ಕಳೆದುಕೊಂಡವರ ಲೆಕ್ಕ ಮಾತ್ರ ನನ್ನ ಹತ್ತಿರ ಇದೆ ಎಂದೆ. ಅವನು ನಗಲಿಲ್ಲ. ಆಮೇಲೆ ಕಾಯಿಲೆ ಹಿಡಿಯಿತು.

ಸಭೆ ಮುಗಿದ ಮೇಲೆ ಅವನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದಳು.

“ಅಣ್ಣ, ಅವರು ಹೋಗೋಕೆ ಒಂದು ವಾರ ಮುಂಚೆ ಗುಡ್ಡದ ದಾರಿಲಿ ಕರಡಿ ಸಿಕ್ತು. ಮರಿ ಈ ಕಡೆ ಪೊದೆಲಿ, ತಾಯಿ ಆ ಕಡೆ. ನನ್ನ ಕಾಲು ತಾನಾಗೇ ಹಿಂದೆ ಹೋಯ್ತು. ಬಾಯಿಗೆ ಬಂದದ್ದು ಮಾತಾಡ್ತಾ ಸರಿದೆ. ‘ಒಲೆ ಮೇಲೆ ಹಾಲಿದೆ’ ಅಂದೆ ಅಂತ ಕಾಣುತ್ತೆ. ಅದು ಎದ್ದು ನಿಂತು ಮೂಸಿ, ಮರಿ ಕರ್ಕೊಂಡು ಹೋಯ್ತು.”

ಮನೆಗೆ ಬಂದು ಹೇಳಿದಾಗ, ಮೂರು ದಿನದಿಂದ ಗೋಡೆ ಕಡೆಗೆ ಮುಖ ಮಾಡಿ ಮಲಗಿದ್ದವನು ಎದ್ದು ಕುಳಿತನಂತೆ.

“ಎದ್ದು ನಿಂತಿತಾ? ನಾನು ನಿಲ್ತಿದ್ದೆನಲ್ಲ, ಹಾಗೇನಾ?”

“ನಿಮ್ಮಷ್ಟು ಚೆನ್ನಾಗೇನೂ ನಿಲ್ಲಲಿಲ್ಲ ಬಿಡಿ” ಎಂದಳಂತೆ ಆಕೆ.